ಪೋರ್ಚುಗಲ್ ಅಂಜೂರ ಮೈಸೂರಲ್ಲಿ: ಟ್ಯಾಗ್ ಬಿಡಿ, ಹಣ್ಣಿನ ಕಣ್ಣು ನೋಡಿ

ನಮ್ಮನೆ ಟೆರೇಸ್ ಮೇಲೆ ಪಿಂಗೊ ಡಿ ಮೆಲ್ ಅಂತ ಟ್ಯಾಗ್ ಇರೋ ಅಂಜೂರದ ಗಿಡ ಮೂರಿವೆ. ಮೂರೂ ಬೇರೆ ಬೇರೆ ಕಡೆಯಿಂದ ಬಂದಿದ್ದು, ಆದ್ರೆ ಮೂರೂ ಒಂದೇ ತಳಿ ಅಲ್ಲ. ಒಂದರ ಹಣ್ಣು ಹಸಿರು-ಹಳದಿ, ಒಳಗೆ ಜೇನಿನ ಬಣ್ಣ, ಇನ್ನೊಂದು ಕಂದು ತಿರುಗುತ್ತೆ, ಮೂರನೇದು ಪೀಚು ಕಟ್ಟುತ್ತೆ, ಗೋಲಿ ಗಾತ್ರಕ್ಕೆ ಬಂದ ಮೇಲೆ ಹಳದಿಯಾಗಿ ಉದುರಿಹೋಗುತ್ತೆ, ಪ್ರತಿ ಸಲನೂ ಅದೇ ಕಥೆ. ಟ್ಯಾಗ್ ಮಾತ್ರ ಮೂರಕ್ಕೂ ಒಂದೇ. ಈ ಮೂರನೇ ಗಿಡ ಯಾಕೆ ಹಾಗೆ ಮಾಡುತ್ತೆ ಅಂತ ಹುಡುಕ್ತಾ ಹೋದಾಗ್ಲೇ ನಂಗೆ ಪೋರ್ಚುಗಲ್ ಅಂಜೂರದ ಹುಚ್ಚು ಸರಿಯಾಗಿ ಹಿಡಿದಿದ್ದು, ಹಂಗಾಗಿ ಗೊತ್ತಿರೋದನ್ನೆಲ್ಲ ಒಂದ್ ಕಡೆ ಬರೆದಿಡೋಣ ಅಂತ ಇದನ್ನ ಬರೀತಿದೀನಿ.

ಮೊದ್ಲು ಪೋರ್ಚುಗಲ್ಲೇ ಯಾಕೆ ಅನ್ನೋದು. ಅಲ್ಲಿ ದಕ್ಷಿಣದ ತುದಿಯಲ್ಲಿ ಅಲ್ಗಾರ್ವ್ ಅಂತ ಪ್ರಾಂತ್ಯ ಇದೆ, ಸುಣ್ಣಕಲ್ಲಿನ ನೆಲ, ಬೇಸಿಗೆಯಲ್ಲಿ ಮಳೆ ಇಲ್ವೇ ಇಲ್ಲ ಅನ್ನೋ ಹಾಗೆ ಒಣ ಹವೆ, ಶತಮಾನಗಳಿಂದ ಬಾದಾಮಿ, ಅಂಜೂರ, ಕ್ಯಾರೋಬ್ ಮರಗಳನ್ನ ಒಂದೇ ಹೊಲದಲ್ಲಿ ಬೆಳ್ಕೊಂಡ್ ಬಂದಿದಾರೆ. ಹಣ್ಣನ್ನ ಚಾಪೆ ಮೇಲೆ ಹರಡಿ ಬಿಸಿಲಲ್ಲಿ ಒಣಗಿಸ್ತಾರೆ, ಒಣ ಹಣ್ಣನ್ನ ಸೀಳಿ ಒಳಗೆ ಬಾದಾಮಿ ತುಂಬ್ತಾರೆ, ಅಂಜೂರ ಬಾದಾಮಿ ಎರಡನ್ನೂ ಅರೆದು ದಾಲ್ಚಿನ್ನಿ ಸೇರಿಸಿ ಗಟ್ಟಿಯಾಗಿ ಬಿಲ್ಲೆ ಥರ ಒತ್ತಿಡ್ತಾರೆ. ಲಿಸ್ಬನ್‌ನಿಂದ ಸ್ವಲ್ಪ ಮೇಲೆ ಟೊರೆಸ್ ನೊವಾಸ್ ಅಂತ ಊರಿದೆ, ಅದು ಕಪ್ಪು ಅಂಜೂರಕ್ಕೆ ಹೆಸರುವಾಸಿ, ಒಣಹಣ್ಣಿಗೇ ಅಂತ ಅಲ್ಲಿ ಜಾತ್ರೆ ನಡೆಯುತ್ತೆ. ಆಮೇಲೆ ಅಟ್ಲಾಂಟಿಕ್ ಸಮುದ್ರದ ಮಧ್ಯೆ ಇರೋ ಮಡೈರಾ ದ್ವೀಪ, ಪ್ರಪಂಚದ ಅಂಜೂರ ಸಂಗ್ರಹಕಾರರೆಲ್ಲ ಬಾಯ್ ಬಿಡೋ ಬ್ಲ್ಯಾಕ್ ಮಡೈರಾ ಹೊತ್ತಿರೋದು ಆ ದ್ವೀಪದ ಹೆಸರನ್ನ. ಇಷ್ಟು ಚಿಕ್ಕ ದೇಶದಲ್ಲಿ ಇಷ್ಟೊಂದು ತಳಿ, ಅದರ ಮೇಲೆ ಊರೂರಿಗೆ ಬೇರೆ ಹೆಸರು. ಒಂದೇ ಹಣ್ಣಿಗೆ ನಾಲ್ಕು ಹೆಸರು, ಒಂದೇ ಹೆಸರಿಗೆ ನಾಲ್ಕು ಹಣ್ಣು. ಕ್ಯಾಲಿಫೋರ್ನಿಯಾದ ಐರಾ ಕಾಂಡಿಟ್ ಅನ್ನೋ ವಿಜ್ಞಾನಿ 1955ರಲ್ಲಿ ಪ್ರಪಂಚದ ಅಂಜೂರ ತಳಿಗಳನ್ನೆಲ್ಲ ಒಂದೆಡೆ ಪಟ್ಟಿ ಮಾಡಿದಾಗ್ಲೇ ಈ ಹೆಸರುಗಳ ಗೊಂದಲ ಇತ್ತು, ಈಗ ಆನ್‌ಲೈನ್ ಮಾರಾಟ ಶುರುವಾದ ಮೇಲೆ ಅದು ಹತ್ತು ಪಟ್ಟಾಗಿದೆ ಅಂತ ನನ್ನ ಅನಿಸಿಕೆ.

ಈಗ ಉದುರೋ ಗಿಡದ ವಿಷಯಕ್ಕೆ ಬರ್ತೀನಿ, ಇದು ಅರ್ಥ ಆಗದೆ ಪೋರ್ಚುಗಲ್ ಅಂಜೂರ ತಗೊಂಡ್ರೆ ದುಡ್ಡು ಹೋಗುತ್ತೆ, ವರ್ಷಗಳೂ ಹೋಗುತ್ವೆ.

ಅಂಜೂರ ನಮ್ಮ ಅತ್ತಿ, ಆಲ, ಅರಳಿ, ಬಸರಿ ಇವುಗಳದ್ದೇ ಬಳಗ, ಹಿಪ್ಪುನೇರಳೆನೂ ಇದೇ ಕುಟುಂಬ. ಹೂವೆಲ್ಲ ಹಣ್ಣಿನ ಒಳಗೇ ಇರುತ್ತೆ, ಅತ್ತಿ ಹಣ್ಣು ಸೀಳಿ ನೋಡಿರೋರಿಗೆ ಇದು ಗೊತ್ತೇ ಇರುತ್ತೆ. ಆ ಹೂವಿಗೆ ಪರಾಗ ತಲುಪ್ಬೇಕಾದ್ರೆ ಹಣ್ಣಿನ ತುದಿಯಲ್ಲಿರೋ ಚಿಕ್ಕ ತೂತಿನ ಮೂಲಕ ಒಂದು ಪುಟ್ಟ ಕಣಜ ಒಳಗೆ ಹೋಗ್ಬೇಕು. ಪ್ರತಿ ಅತ್ತಿ ಜಾತಿಗೂ ಅದರದ್ದೇ ಆದ ಕಣಜ ಇರುತ್ತೆ. ನಮ್ಮ ಕೆರೆ ಏರಿ ಮೇಲಿರೋ ಅತ್ತಿ ಮರದಲ್ಲಿ ಕಣಜಕ್ಕೇನು ಬರ ಇಲ್ಲ, ಆದ್ರೆ ಅವು ಅಂಜೂರದ ಕಡೆ ತಲೆ ಹಾಕಲ್ಲ. ಅಂಜೂರಕ್ಕೆ ಬೇಕಾದ ಬ್ಲಾಸ್ಟೊಫಾಗಾ ಅನ್ನೋ ಕಣಜ ಮೆಡಿಟರೇನಿಯನ್ ಕಡೆಯದ್ದು, ಗಂಡು ಅಂಜೂರದ ಮರದ ಕಾಯಲ್ಲೇ ಅದರ ಸಂಸಾರ. ಮೈಸೂರು ಮಂಡ್ಯ ಸುತ್ತ ಆ ಗಂಡು ಮರನೂ ಇಲ್ಲ, ಆ ಕಣಜನೂ ಇಲ್ಲ.

ಅಂಜೂರದಲ್ಲಿ ಇದೇ ಲೆಕ್ಕದ ಮೇಲೆ ಮೂರು ಗುಂಪು. ಕಾಮನ್ ಅಂತ ಕರೆಯೋ ಗುಂಪಿಗೆ ಕಣಜ ಬೇಡ, ಪರಾಗ ಇಲ್ದೇನೇ ಹಣ್ಣಾಗುತ್ತೆ. ಸ್ಮಿರ್ನಾ ಗುಂಪಿಗೆ ಕಣಜ ಬೇಕೇ ಬೇಕು, ಇಲ್ಲಾಂದ್ರೆ ಪೀಚು ಉದುರುತ್ತೆ. ಸ್ಯಾನ್ ಪೆಡ್ರೊ ಗುಂಪು ಇವೆರಡರ ನಡುವೆ: ಹಳೇ ರೆಂಬೆ ಮೇಲೆ ಬರೋ ಮೊದಲ ಫಸಲಿಗೆ ಕಣಜ ಬೇಡ, ಹೊಸ ಚಿಗುರಲ್ಲಿ ಬರೋ ಎರಡನೇ ಫಸಲಿಗೆ ಬೇಕು. ಪೋರ್ಚುಗಲ್‌ನಲ್ಲಿ ಆ ಮೊದಲ ಫಸಲನ್ನ ಲಾಂಪೊ ಅಂತಾರೆ, ಜೂನ್ ತಿಂಗಳಲ್ಲಿ ಸಂತ ಜಾನ್ ಹಬ್ಬದ ಹೊತ್ತಿಗೆ ಬರುತ್ತೆ. ಎರಡನೇದು ವಿಂಡಿಮೊ, ದ್ರಾಕ್ಷಿ ಕೊಯ್ಲಿನ ಕಾಲದ್ದು, ಆಗಸ್ಟ್ ಸೆಪ್ಟೆಂಬರ್. ಅಲ್ಗಾರ್ವ್‌ನ ರೈತರು ಗಂಡು ಅಂಜೂರದ ಕಾಯಿಗಳನ್ನ ದಾರಕ್ಕೆ ಪೋಣಿಸಿ ಹೆಣ್ಣು ಮರದ ಕೊಂಬೆಗೆ ನೇತು ಹಾಕ್ತಾರೆ, ಕಣಜ ಆ ಕಾಯಿಂದ ಹೊರಟು ಈ ಕಾಯಿಗೆ ಹೋಗ್ಲಿ ಅಂತ. ಕ್ಯಾಲಿಫೋರ್ನಿಯಾದೋರು 1880ರ ದಶಕದಲ್ಲಿ ಟರ್ಕಿಯಿಂದ ಸ್ಮಿರ್ನಾ ಗಿಡ ತರಿಸಿ, ಬೆಳೆಸಿ, ಮರ ತುಂಬ ಪೀಚು ಬಿಟ್ಟು ಎಲ್ಲ ಉದುರಿಹೋಗೋದನ್ನ ವರ್ಷಗಟ್ಟಲೆ ನೋಡಿದಾರೆ. 1899ರಲ್ಲಿ ಕಣಜನ್ನ ತಂದು ನೆಲೆ ಮಾಡಿಸಿದ ಮೇಲೇ ಅಲ್ಲಿ ಹಣ್ಣು ನಿಂತಿದ್ದು. ನನ್ನ ಮೂರನೇ ಗಿಡದಲ್ಲಿ ಆಗ್ತಿರೋದೂ ಅದೇ. ಗೊಬ್ಬರ ಕಮ್ಮಿ ಆಯ್ತಾ, ನೀರು ಜಾಸ್ತಿ ಆಯ್ತಾ, ಬೋರಾನ್ ಹಾಕ್ಲಾ ಅಂತ ತಲೆ ಕೆಡಿಸ್ಕೊಳ್ಳೋ ವಿಷಯನೇ ಅಲ್ಲ, ಅದು ಸ್ಮಿರ್ನಾ ಗುಂಪಿನ ಯಾವ್ದೋ ಗಿಡ ಇರಬೇಕು, ಹೆಸರು ಮಾತ್ರ ಪಿಂಗೊ ಅಂತ ಅಂಟಿಸಿದಾರೆ.

ಹಂಗಾಗಿ ಯಾರಾದ್ರೂ ಪೋರ್ಚುಗೀಸ್ ತಳಿ ಕೊಡ್ತೀನಿ ಅಂದ್ರೆ ರುಚಿ ಹೇಗೆ, ಬಣ್ಣ ಹೇಗೆ ಅಂತ ಆಮೇಲೆ ಕೇಳಿ, ಯಾವ ಗುಂಪು ಅಂತ ಮೊದ್ಲು ಕೇಳಿ. ಕೋಟಿಯೊ, ಯೂಶಾರಿಯಾ ಇವೆಲ್ಲ ಅಲ್ಗಾರ್ವ್‌ನಲ್ಲಿ ಒಣಗಿಸೋಕೆ ಬೆಳೆಯೋ ಒಳ್ಳೇ ತಳಿಗಳು, ಆದ್ರೆ ಸ್ಮಿರ್ನಾ ಗುಂಪಿನವು, ನಮ್ಮಲ್ಲಿ ಎಲೆ ನೋಡ್ಕೊಂಡ್ ಕೂರ್ಬೇಕಷ್ಟೆ. ಲಾಂಪಾ ಪ್ರೆಟಾ ಅಂತ ಒಂದಿದೆ, ದೊಡ್ಡ ದೊಡ್ಡ ಕಪ್ಪು ನೇರಳೆ ಹಣ್ಣು, ಫೋಟೋ ನೋಡಿದ್ರೆ ಯಾರಿಗಾದ್ರೂ ಆಸೆ ಆಗುತ್ತೆ, ಅದು ಸ್ಯಾನ್ ಪೆಡ್ರೊ ಗುಂಪು. ಅದರಲ್ಲಿ ನಮಗೆ ಸಿಗಬಹುದಾದ್ದು ಹಳೇ ರೆಂಬೆಯ ಫಸಲು ಮಾತ್ರ. ಆದ್ರೆ ನಮ್ಮ ಕಡೆ ಅಂಜೂರ ಬೆಳೆಯೋ ಪದ್ಧತಿನೇ ರೆಂಬೆ ಸವರಿ ಹೊಸ ಚಿಗುರಲ್ಲಿ ಹಣ್ಣು ತೆಗೆಯೋದು, ಸವರಿದ್ರೆ ಆ ಫಸಲೂ ಹೋಯ್ತು, ಹೊಸ ಚಿಗುರಿನದ್ದು ಕಣಜ ಇಲ್ದೆ ಉದುರಿಹೋಯ್ತು. ಜಾಗ ಜಾಸ್ತಿ ಇದ್ದು, ಸವರದೇ ಬಿಟ್ಟು ನೋಡ್ತೀನಿ ಅನ್ನೋರು ಒಂದು ಇಟ್ಕೊಳ್ಳಿ, ಮೊದಲ ಗಿಡವಾಗಿ ಮಾತ್ರ ಖಂಡಿತ ಬೇಡ. ಪಿಂಗೊ ಡಿ ಮೆಲ್ ಮತ್ತೆ ಬ್ಲ್ಯಾಕ್ ಮಡೈರಾ ಎರಡೂ ಕಾಮನ್ ಗುಂಪು, ನಮ್ಮ ಮಟ್ಟಿಗೆ ಇವೇ ಸರಿ.

ಇಲ್ಲೊಂದು ಮಾತು ಹೇಳ್ಬಿಡ್ತೀನಿ, ಅಂಜೂರದಲ್ಲಿ ಹುಳ ಇರುತ್ತೆ, ಸಸ್ಯಾಹಾರಿಗಳು ತಿನ್ಬಾರ್ದು ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಿರುತ್ತಲ್ಲ, ನಮ್ಮತ್ತೆ ಅದನ್ನ ನೋಡಿ ಅಂಜೂರ ಬಿಟ್ಟೇಬಿಟ್ಟಿದ್ರು. ನಮ್ಮಲ್ಲಿ ಬೆಳೆಯೋ ಹಣ್ಣಿಗೆ ಆ ಕಣಜನೇ ಇಲ್ಲ, ಹಣ್ಣಾಗೋದೇ ಅದಿಲ್ದೆ. ಟರ್ಕಿ ಕಡೆಯಿಂದ ಬರೋ ಸ್ಮಿರ್ನಾ ಗುಂಪಿನ ಒಣ ಅಂಜೂರದಲ್ಲಿ ಕಣಜ ಒಳಗೆ ಹೋಗಿರುತ್ತೆ ನಿಜ, ಅದನ್ನ ತಿನ್ನೋದು ಬಿಡೋದು ಅವರವರ ನಂಬಿಕೆ. ಟೆರೇಸ್ ಮೇಲಿನ ಹಣ್ಣು ಯಾವ ಸಂಕೋಚನೂ ಇಲ್ದೆ ತಿನ್ನಿ ಅಂತ ಹೇಳಿದ ಮೇಲೆ ಅತ್ತೆ ಈಗ ಬೆಳಿಗ್ಗೆ ನನಗಿಂತ ಮುಂಚೆ ಮೇಲೆ ಹತ್ತಿರ್ತಾರೆ.

ಸರಿ, ಗುರುತು ಹಿಡಿಯೋದು ಹೇಗೆ. ಎಲ್ಲರೂ ಮೊದ್ಲು ಎಲೆ ಫೋಟೋ ಹಾಕಿ ಇದ್ಯಾವ ತಳಿ ಅಂತ ಕೇಳ್ತಾರೆ. ಎಲೆ ಒಂದರಿಂದ ಏನೂ ತೀರ್ಮಾನ ಮಾಡೋಕಾಗಲ್ಲ. ಒಂದೇ ಗಿಡದಲ್ಲಿ ಕೆಳಗಿನ ಎಲೆಗೆ ಸೀಳೇ ಇರಲ್ಲ, ಮಧ್ಯದ್ದಕ್ಕೆ ಮೂರು ಬೆರಳು, ತುದಿಯದ್ದಕ್ಕೆ ಐದು. ನೆರಳಲ್ಲಿಟ್ರೆ ಎಲೆ ಅಗಲ ಆಗುತ್ತೆ, ಮೊಸಾಯಿಕ್ ವೈರಸ್ ಇದ್ರೆ ಆಕಾರನೇ ವಕ್ರ. ಎಲೆ ನೋಡ್ಲೇಬೇಕು ಅಂದ್ರೆ ಗಟ್ಟಿಯಾಗಿ ಬಲಿತ ರೆಂಬೆಯ ಮಧ್ಯಭಾಗದ ಎಲೆಗಳನ್ನ, ಒಂದಲ್ಲ ಏಳೆಂಟು, ಸಾಲಾಗಿ ಜೋಡಿಸಿ ನೋಡಿ: ಎಷ್ಟು ಬೆರಳು, ಮಧ್ಯದ ಬೆರಳು ಬುಡದಲ್ಲಿ ಸಣ್ಣಗಾಗುತ್ತಾ ಇಲ್ಲ ಒಂದೇ ಅಗಲನಾ, ತೊಟ್ಟು ಸೇರೋ ಕಡೆ ಎಲೆ ಒಳಕ್ಕೆ ಬಾಗಿದೆಯಾ ನೇರನಾ. ಬ್ಲ್ಯಾಕ್ ಮಡೈರಾದ ಎಲೆಗೆ ಆಳವಾಗಿ ಸೀಳಿದ ಉದ್ದ ಸಣ್ಣ ಬೆರಳುಗಳಿರುತ್ವೆ, ಅಗಲ ಹಸ್ತದ ಎಲೆನೇ ತುಂಬಿರೋ ಗಿಡ ತೋರಿಸಿ ಇದು ಮಡೈರಾ ಅಂದ್ರೆ ಅನುಮಾನ ಪಡಿ. ಎಲೆಯಿಂದ ಒಂದು ತಳಿ ಅಲ್ಲ ಅಂತ ಹೇಳ್ಬಹುದು, ಇದೇ ತಳಿ ಅಂತ ಹೇಳೋಕೆ ಹಣ್ಣು ಬೇಕು.

ಹಣ್ಣಲ್ಲಿ ನಾನು ಮೊದ್ಲು ನೋಡೋದು ತಳದ ಕಣ್ಣು, ಅಂದ್ರೆ ಆ ತೂತು. ಹಣ್ಣನ್ನ ತಲೆಕೆಳಗೆ ಹಿಡ್ಕೊಂಡು ಬೆಳಕಿಗೆ ತಿರುಗಿಸಿದ್ರೆ ತೂತಿನ ಸುತ್ತ ಪುಟ್ಟ ಪುಟ್ಟ ಮಡಿಕೆಗಳು ಒಂದರ ಮೇಲೊಂದು ಕೂತಿರೋದು ಕಾಣುತ್ತೆ. ಅವುಗಳ ಬಣ್ಣ ನೋಡಿ, ಕೆಲವಕ್ಕೆ ಹಸಿರು, ಕೆಲವಕ್ಕೆ ಗುಲಾಬಿ, ಕೆಲವಕ್ಕೆ ಕೆಂಪು. ಅವು ಬಿಗಿಯಾಗಿ ಮುಚ್ಚಿದಾವಾ, ಬೆಂಕಿಕಡ್ಡಿ ತುದಿ ಹೋಗೋವಷ್ಟು ಬಾಯಿ ಬಿಟ್ಟಿದಾವಾ. ಪಿಂಗೊ ಡಿ ಮೆಲ್ ಸರಿಯಾಗಿ ಹಣ್ಣಾದಾಗ ಆ ಕಣ್ಣಲ್ಲಿ ಒಂದು ತೊಟ್ಟು ಅಂಟು ರಸ ಬಂದು ನಿಲ್ಲುತ್ತೆ, ಬೆಳಿಗ್ಗೆ ಏಳು ಗಂಟೆಗೆ ತಂಪಲ್ಲಿ ನೋಡಿದ್ರೆ ಹೊಳೀತಿರುತ್ತೆ, ಬೆರಳಲ್ಲಿ ಮುಟ್ಟಿದ್ರೆ ದಾರದ ಥರ ಎಳೆ ಬರುತ್ತೆ, ಬಿಸಿಲೇರಿದ ಮೇಲೆ ಗಟ್ಟಿಯಾಗಿ ತೂತನ್ನೇ ಮುಚ್ಕೊಂಡ್ಬಿಡುತ್ತೆ. ನಾಲಿಗೆ ಮೇಲಿಟ್ರೆ ತುಪ್ಪದಲ್ಲಿ ಕಾಸಿದ ಬೆಲ್ಲದ ಪಾಕದ ರುಚಿ. ಆ ಒಂದು ತೊಟ್ಟಿಗಾಗಿ ವರ್ಷವಿಡೀ ಕಾದಿದ್ದು ಸಾರ್ಥಕ ಅನ್ಸುತ್ತೆ ನಂಗೆ. ಆದ್ರೆ ತೊಟ್ಟು ಬರೋದು ಪಿಂಗೊದಲ್ಲಿ ಮಾತ್ರ ಅಲ್ಲ, ಬೇರೆ ತಳಿಗಳಲ್ಲೂ ಬರುತ್ತೆ, ಅದೊಂದನ್ನೇ ನೋಡಿ ಹೆಸರಿಡಬಾರ್ದು.

ಕಣ್ಣಾದ ಮೇಲೆ ಆಕಾರ: ಗುಂಡಗಿದೆಯಾ, ಪೇರ್ ಹಣ್ಣಿನ ಥರ ಕುತ್ತಿಗೆ ಇದೆಯಾ, ತೊಟ್ಟು ಉದ್ದನಾ ಗಿಡ್ಡನಾ. ಸಿಪ್ಪೆ ಮೇಲೆ ಉದ್ದುದ್ದ ಗೆರೆ ಎದ್ದು ಕಾಣುತ್ತಾ, ಹಣ್ಣಾದಾಗ ಸಿಪ್ಪೆ ಉದ್ದಕ್ಕೆ ಬಿರಿಯುತ್ತಾ ಅಡ್ಡಕ್ಕಾ. ಉದ್ದುದ್ದ ಸೀಳಿ ಒಳಗೆ ತಿರುಳಿನ ಬಣ್ಣ, ಮಧ್ಯದಲ್ಲಿ ಪೊಳ್ಳು ಎಷ್ಟು. ಇಷ್ಟನ್ನೂ ನನ್ನ ಮನಸ್ಸಿಗೆ ಬಂದಂಗೆ ಹೇಳ್ತಿಲ್ಲ, ಅಂತಾರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ 2003ರಲ್ಲಿ ಅಂಜೂರದ ಲಕ್ಷಣ ದಾಖಲಿಸೋಕೆ ಅಂತಲೇ ಪಟ್ಟಿಯೊಂದನ್ನ ತಂದಿದೆ, ಅದರಲ್ಲಿ ಈ ಎಲ್ಲ ಅಂಶನೂ ಇದೆ. ಕೊನೇ ಮಾತು ಡಿಎನ್‌ಎ ಪರೀಕ್ಷೆಯದ್ದೇ, ಆದ್ರೆ ಮನೆ ಮಟ್ಟಿಗೆ ಈ ಪಟ್ಟಿ ಹಿಡ್ಕೊಂಡು ಎರಡ್ಮೂರು ಫಸಲು ಬರೆದಿಟ್ರೆ ಬಹಳ ದೂರ ಹೋಗ್ಬಹುದು. ಮೊದಲ ವರ್ಷದ ಹಣ್ಣು ನೋಡಿ ಯಾವತ್ತೂ ತೀರ್ಮಾನ ಮಾಡ್ಬೇಡಿ, ಎಳೇ ಗಿಡದ ಹಣ್ಣು ಚಪ್ಪೆ ಇರುತ್ತೆ, ಗಾತ್ರ ಬಂದಿರಲ್ಲ, ಕಾಮನ್ ಗುಂಪಿನ ಗಿಡನೂ ಮೊದ್ಮೊದ್ಲು ಪೀಚು ಉದುರಿಸುತ್ತೆ.

ಫೋಟೋ ಜೊತೆ ಹೋಲಿಸೋರು ಇನ್ನೊಂದು ವಿಷಯ ತಿಳ್ಕೊಂಡಿರ್ಬೇಕು. ಪೋರ್ಚುಗಲ್‌ನಲ್ಲಿ ಕಣಜ ಇದೆ, ಅಲ್ಲಿ ಕಾಮನ್ ಗುಂಪಿನ ಹಣ್ಣಿಗೂ ಅದು ನುಗ್ಗುತ್ತೆ. ಪರಾಗ ಸೇರಿದ ಹಣ್ಣು ತೂಕ ಜಾಸ್ತಿ, ತಿರುಳು ಹೆಚ್ಚು ಕೆಂಪು, ಬೀಜ ಗಟ್ಟಿಯಾಗಿ ಕಟಕಟ ಅನ್ನುತ್ತೆ. ಅದೇ ತಳಿ ಮೈಸೂರಲ್ಲಿ ಪರಾಗ ಇಲ್ದೆ ಹಣ್ಣಾದ್ರೆ ತಿರುಳು ತಿಳಿಯಾಗಿರುತ್ತೆ, ಬೀಜ ಪೊಳ್ಳು. ಅಲ್ಗಾರ್ವ್‌ನ ಮಾರ್ಕೆಟ್ಟಿನ ಫೋಟೋದಲ್ಲಿ ಕೆಂಪಗಿದೆ, ನಮ್ಮನೇದು ಜೇನಿನ ಬಣ್ಣ ಇದೆ ಅಂತ ಗಿಡ ಮೋಸ ಅಂದ್ಕೊಂಡು ಕಿತ್ತಾಕಿದೋರನ್ನ ನಾನು ಕಂಡಿದೀನಿ. ಎಷ್ಟು ಬೇಜಾರಾಯ್ತು ಅಂದ್ರೆ, ಆ ಗಿಡದ ಕಣ್ಣು, ಕುತ್ತಿಗೆ, ಎಲೆ ಎಲ್ಲ ಸರಿಯಾಗೇ ಇತ್ತು. ಬ್ಲ್ಯಾಕ್ ಮಡೈರಾ ವಿಷಯದಲ್ಲಿ ಗೊಂದಲ ಬೇರೆ ಥರದ್ದು. ಅದು ಜಗತ್ತಿಗೆ ಹರಡಿದ್ದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರೋ ಅಂಜೂರ ತಳಿಗಳ ಸಂಗ್ರಹದಿಂದ, ಫಿಗೊ ಪ್ರೆಟೊ ಅಂತ ಬೇರೆ ಹೆಸರಲ್ಲಿ ಮಾರೋದೂ ಇದೇ ಅಂತ ಬಹಳ ಬೆಳೆಗಾರರ ಅಭಿಪ್ರಾಯ. ಹಂಗಾಗಿ ಎರಡನ್ನೂ ದುಬಾರಿ ದುಡ್ಡು ಕೊಟ್ಟು ತಗೊಳ್ಳೋ ಮುಂಚೆ ಯೋಚ್ನೆ ಮಾಡಿ.

ಅಂಜೂರ ಅಂದ್ಮೇಲೆ ನಮ್ಮ ಗಂಜಾಂ ನೆನಪಾಗ್ದೆ ಇರಲ್ಲ. ಶ್ರೀರಂಗಪಟ್ಟಣದ ಗಂಜಾಂಗೆ ಜನ ನಿಮಿಷಾಂಬ ದೇವಸ್ಥಾನಕ್ಕೆ ಹೋಗ್ತಾರೆ, ಗುಂಬಜ್ ನೋಡ್ತಾರೆ, ಆದ್ರೆ ಆ ಊರ ಹೆಸರಲ್ಲೇ ಒಂದು ಅಂಜೂರ ಇದೆ ಅನ್ನೋದು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ. ಈಗ ತೋಟಗಳು ಬಹಳ ಕಮ್ಮಿ ಆಗಿವೆ, ಹುಡುಕ್ಕೊಂಡ್ ಹೋಗ್ಬೇಕು. ಅಲ್ಲೊಬ್ಬರು ತಾತ ಇದಾರೆ, ಅವರ ಅಪ್ಪನ ಕಾಲದಿಂದ್ಲೂ ಅಂಜೂರ ನೋಡ್ಕೊಂಡ್ ಬಂದೋರು. ನಾನು ಫೋನಲ್ಲಿ ಪೋರ್ಚುಗಲ್ ಹಣ್ಣುಗಳ ಫೋಟೋ ಒಂದೊಂದೇ ತೋರಿಸ್ತಾ, ಇದು ಇಷ್ಟು ಸಿಹಿ, ಇದು ಇಷ್ಟು ದೊಡ್ಡದು ಅಂತ ಹೇಳ್ತಾ ಹೋದ್ರೆ ಅವರು ಸುಮ್ನೆ ಕೇಳಿಸ್ಕೊಂಡು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಅದ್ಯಾವ್ ದೇಸದ್ದಾದ್ರೂ ಆಗ್ಲಿ ಕಣವ್ವ, ಮಳೆ ಬಿದ್ರೆ ಬಾಯ್ ಬುಡ್ತದಾ, ಇಲ್ವಾ, ಅದ್ ಯೋಳು ಮೊದ್ಲು." ನಾನು "ಕೆಲವು ಬಿಡುತ್ವೆ ತಾತ, ಕೆಲವು ಬಿಡಲ್ಲ" ಅಂದೆ. "ಬುಡೋವ್ನ ತರ್ಬ್ಯಾಡ, ನೊಣಕ್ಕೆ ಊಟ ಹಾಕ್ದಂಗಾಯ್ತದೆ" ಅಂದ್ರು.

ಅವರು ಹೇಳಿದ್ದು ಅಕ್ಷರಶಃ ನಿಜ. ಪೋರ್ಚುಗಲ್‌ನಲ್ಲಿ ಮಳೆ ಚಳಿಗಾಲದ್ದು, ಹಣ್ಣು ಬೇಸಿಗೆಯದ್ದು, ಎರಡೂ ಮುಖ ನೋಡಲ್ಲ. ಅದಕ್ಕೇ ಅಲ್ಲಿ ಕಣ್ಣು ಅಗಲ ಇರೋ ತಳಿನೂ ನಡೆಯುತ್ತೆ. ನಮ್ಮಲ್ಲಿ ಮೇ ತಿಂಗಳಿಂದ ಹಿಡಿದು ಅಕ್ಟೋಬರ್ ತನಕ ಯಾವಾಗ ಬೇಕಾದ್ರೂ ಮಳೆ. ಹಣ್ಣಾಗೋ ಹೊತ್ತಲ್ಲಿ ಒಂದು ಜೋರು ಮಳೆ ಬಿದ್ರೆ ಗಿಡ ನೀರು ಕುಡಿದು ಹಣ್ಣು ಉಬ್ಬುತ್ತೆ, ಸಿಪ್ಪೆ ಬಿರಿಯುತ್ತೆ, ಕಣ್ಣು ತೆರೆದಿದ್ರೆ ಅಲ್ಲಿಂದ ನೀರು, ಹಣ್ಣಿನ ನೊಣ, ಹುಳಿ ಹಿಡಿಸೋ ಯೀಸ್ಟು ಎಲ್ಲ ಒಳಗೆ. ಸಂಜೆ ಹೊತ್ತಿಗೆ ಗಿಡದ ಹತ್ರ ಹೋದ್ರೆ ಹುಳಿ ಹೆಂಡದ ವಾಸನೆ. ಹಂಗಾಗಿ ಗುರುತು ಹಿಡಿಯೋಕೆ ನೋಡೋ ಅದೇ ಕಣ್ಣು ಆ ತಳಿ ನಮ್ಮೂರಿಗೆ ಆಗುತ್ತಾ ಅಂತಲೂ ಹೇಳಿಬಿಡುತ್ತೆ. ಹೆಸರು ಏನಾದ್ರೂ ಇರ್ಲಿ, ಕಣ್ಣು ಬಿಗಿ ಇರೋ ಕಾಮನ್ ಗುಂಪಿನ ಗಿಡ ಸಿಕ್ಕಿದ್ರೆ ಬಿಡ್ಬೇಡಿ.

ಮಳೆ ತಪ್ಪಿಸೋಕೆ ಇನ್ನೊಂದು ದಾರಿ ಸವರೋ ಕಾಲ. ಸ್ವಾತಿ ಮಳೆ ಮುಗೀತಿದ್ದಂಗೆ, ಅಂದ್ರೆ ನವೆಂಬರ್ ಮೊದಲ ವಾರದ ಆಸುಪಾಸು, ನಾನು ಎಲ್ಲ ಗಿಡಗಳನ್ನ ಸವರ್ತೀನಿ. ಸವರೋಕೆ ಒಂದೆರಡು ವಾರ ಮುಂಚೆ ನೀರು ಕಮ್ಮಿ ಮಾಡಿ ಗಿಡಕ್ಕೆ ಸ್ವಲ್ಪ ವಿಶ್ರಾಂತಿ ಕೊಡೋದು, ಆಮೇಲೆ ಪ್ರತಿ ರೆಂಬೆಲೂ ಮೂರ್ನಾಲ್ಕು ಗೆಣ್ಣು ಬಿಟ್ಟು ಕತ್ತರಿಸೋದು, ಸವರಿದ ಮೇಲೆ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರು. ಹೊಸ ಚಿಗುರಿನ ಎಲೆ ಕಂಕುಳಲ್ಲಿ ಡಿಸೆಂಬರ್ ಜನವರಿ ಹೊತ್ತಿಗೆ ಪೀಚು ಕಾಣುತ್ತೆ, ಪೀಚಿಂದ ಹಣ್ಣಿಗೆ ಮೂರರಿಂದ ನಾಲ್ಕು ತಿಂಗಳು, ಮಾರ್ಚ್ ಏಪ್ರಿಲ್‌ಗೆ ಹಣ್ಣು. ಭರಣಿ ಮಳೆ ಬೀಳೋ ಮುಂಚೆ ಹೆಚ್ಚಿನ ಫಸಲು ಕೈಗೆ ಬಂದಿರುತ್ತೆ. ಪುಣೆ ಕಡೆ ಪುರಂದರದ ರೈತರೂ ಹಿಂಗೇ ಮಳೆಗಾಲದ ಹುಳಿ ಫಸಲು, ಬೇಸಿಗೆಯ ಸಿಹಿ ಫಸಲು ಅಂತ ಎರಡು ಮಾಡ್ಕೊಂಡು ಸವರೋ ಕಾಲ ಲೆಕ್ಕ ಹಾಕ್ತಾರೆ. ನಮ್ಮ ಫೆಬ್ರವರಿ ಮಾರ್ಚ್ ಏಪ್ರಿಲ್ಲೇ ಪೋರ್ಚುಗಲ್ ಗಿಡಕ್ಕೆ ಅದರೂರಿನ ಆಗಸ್ಟ್. ಬ್ಲ್ಯಾಕ್ ಮಡೈರಾ ಅಲ್ಲೂ ತಡವಾಗಿ ಹಣ್ಣಾಗೋ ತಳಿ, ಅದನ್ನ ಮಾತ್ರ ನಾನು ಆ ಸಲದ ಮಳೆ ನೋಡ್ಕೊಂಡು ಎಲ್ಲಕ್ಕಿಂತ ಮೊದ್ಲು ಸವರ್ತೀನಿ, ಇಲ್ಲಾಂದ್ರೆ ಕೊನೇ ಹಣ್ಣುಗಳು ಮಳೆಗೆ ಸಿಕ್ಕಿಹಾಕ್ಕೊಳ್ತಾವೆ.

ಸವರುವಾಗ ತುಂಬುತೋಳಿನ ಅಂಗಿ, ಗ್ಲೌಸ್ ಹಾಕ್ಕೊಳ್ಳಿ. ಅಂಜೂರದ ಹಾಲಲ್ಲಿ ಸೋರಲೆನ್ ಅನ್ನೋ ವಸ್ತು ಇದೆ, ಚರ್ಮಕ್ಕೆ ತಾಗಿದ ಜಾಗದ ಮೇಲೆ ಬಿಸಿಲು ಬಿದ್ರೆ ಸುಟ್ಟ ಹಾಗೆ ಗುಳ್ಳೆ ಏಳುತ್ತೆ, ಕಲೆ ತಿಂಗಳುಗಟ್ಟಲೆ ಹೋಗಲ್ಲ. ಮಕ್ಕಳನ್ನಂತೂ ಹತ್ರ ಬಿಡ್ಬೇಡಿ.

ಪಾಟ್‌ಗೆ ನಾನು ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು, ಜೊತೆಗೆ ಒಂದೆರಡು ಹಿಡಿ ಬೇವಿನ ಹಿಂಡಿ, ಸ್ವಲ್ಪ ಸುಣ್ಣ. ಅಂಜೂರಕ್ಕೆ ಸುಣ್ಣದ ನೆಲ ಇಷ್ಟ, ಅಲ್ಗಾರ್ವ್‌ನ ನೆಲನೇ ಅದು. ಬೇವಿನ ಹಿಂಡಿ ಯಾಕಂದ್ರೆ ಬೇರುಗಂಟು ಮಾಡೋ ನೆಮಟೋಡ್ ಅನ್ನೋ ಸೂಕ್ಷ್ಮ ಹುಳ, ಅಂಜೂರದ ದೊಡ್ಡ ಶತ್ರು ಅದೇ. ಗಿಡ ಕಾರಣ ಇಲ್ದೆ ಸೊರಗ್ತಿದ್ರೆ ಪಾಟಿಂದ ಎತ್ತಿ ಬೇರು ನೋಡಿ, ರಾಗಿ ಕಾಳಿನಷ್ಟು ಗಂಟು ಸಾಲಾಗಿ ಇದ್ರೆ ಅದೇ. ಟೊಮೆಟೊ, ಬದನೆ ಬೆಳೆದ ಹಳೇ ಮಣ್ಣನ್ನ ಅಂಜೂರಕ್ಕೆ ಹಾಕ್ಲೇಬೇಡಿ, ಸುತ್ತ ಚೆಂಡು ಹೂವು ಹಾಕಿದ್ರೆ ಒಳ್ಳೇದು. ತೋಟದಲ್ಲಿ ಹಾಕೋರು ಅತ್ತಿ ಬೇರಿನ ಮೇಲೆ ಅಂಜೂರ ಕಸಿ ಮಾಡೋದನ್ನೂ ಯೋಚಿಸ್ಬಹುದು, ಅತ್ತಿ ಬೇರು ನೆಮಟೋಡ್ ತಡ್ಕೊಳ್ಳುತ್ತೆ ಅಂತ ನಮ್ಮ ದೇಶದಲ್ಲೇ ಪ್ರಯೋಗ ಆಗಿದೆ. ಮಳೆಗಾಲದಲ್ಲಿ ತುಕ್ಕು ರೋಗ ಬರುತ್ತೆ, ಎಲೆ ಅಡಿಯಲ್ಲಿ ಕಂದು ಪುಡಿ, ಆಮೇಲೆ ಗಿಡವೆಲ್ಲ ಬೋಳು. ಅಡಿಕೆಗೆ ಹೊಡೆಯೋ ಶೇಕಡ 1ರ ಬೋರ್ಡೋ ದ್ರಾವಣನೇ ಮಳೆ ಶುರುವಾಗೋ ಮುಂಚೆ ಒಂದ್ಸಲ ಹೊಡೀಬೇಕು, ಬಿದ್ದ ಎಲೆ ಗುಡಿಸಿ ಸುಡ್ಬೇಕು. ಪಿಕಳಾರ, ಅಳಿಲು, ಬಾವಲಿಗಳಿಗೆ ಹಣ್ಣು ನಮಗಿಂತ ಮುಂಚೆ ಗೊತ್ತಾಗುತ್ತೆ, ಬಣ್ಣ ತಿರುಗೋ ಹೊತ್ತಿಗೆ ಒಂದೊಂದು ಹಣ್ಣಿಗೂ ನೆಟ್ ಚೀಲ ಕಟ್ತೀನಿ. ಬಲಿತ ಕಾಯಿ ಕಿತ್ತು ಮನೇಲಿಟ್ಟು ಹಣ್ಣು ಮಾಡ್ತೀನಿ ಅನ್ನೋ ಆಟ ಅಂಜೂರದಲ್ಲಿ ನಡೆಯಲ್ಲ. ಕುತ್ತಿಗೆ ಬಗ್ಗಿ, ಹಣ್ಣು ತಾನಾಗೇ ಜೋತು ಬಿದ್ದಾಗ್ಲೇ ಕೀಳ್ಬೇಕು.

ಮೊಸಾಯಿಕ್ ಬಗ್ಗೆ ಗಟ್ಟಿಯಾಗಿ ಹೇಳ್ಬೇಕು. ಎಲೆ ಮೇಲೆ ಹಳದಿ ಮಚ್ಚೆ, ಎಲೆ ಸೊಟ್ಟ, ಬೆಳವಣಿಗೆ ಕುಂಠಿತ, ಇದು ವೈರಸ್, ಔಷಧಿ ಇಲ್ಲ. ಕಡ್ಡಿಯಿಂದ ಕಡ್ಡಿಗೆ ಬರುತ್ತೆ, ಕಣ್ಣಿಗೆ ಕಾಣದ ನುಸಿ ಅಕ್ಕಪಕ್ಕದ ಗಿಡಕ್ಕೂ ದಾಟಿಸುತ್ತೆ. ಬ್ಲ್ಯಾಕ್ ಮಡೈರಾ ಇದಕ್ಕೆ ತುಂಬ ನಲುಗೋ ತಳಿ, ಮೊದಲೆರಡು ವರ್ಷ ಬೆಳೆಯೋದೇ ನಿಧಾನ. ಗಿಡಕ್ಕೆ ಶಕ್ತಿ ಬಂದಂಗೆ ಎಷ್ಟೋ ಸಲ ಲಕ್ಷಣ ಕಮ್ಮಿ ಆಗುತ್ತೆ, ವೈರಸ್ ಹೋಗಲ್ಲ. ಅದನ್ನ ಬೇರೆ ಗಿಡಗಳಿಂದ ದೂರ ಇಟ್ಟು ಬೆಳೆಸಿ.

ಇನ್ನು ಪೋರ್ಚುಗಲ್‌ನಲ್ಲಿ ನಮ್ಮ ಭಾವಮೈದ ಇದಾನೆ, ಬರುವಾಗ ಸೂಟ್‌ಕೇಸಲ್ಲಿ ನಾಲ್ಕು ಕಡ್ಡಿ ತರಿಸ್ತೀನಿ ಅನ್ನೋರಿಗೆ ಕೈ ಮುಗಿದು ಕೇಳ್ಕೋತೀನಿ, ದಯವಿಟ್ಟು ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಇಲ್ದೆ ಕಡ್ಡಿ ತರೋದು ಕಾನೂನುಬಾಹಿರ. ಕಾನೂನಿಗಿಂತ ದೊಡ್ಡ ಮಾತು ಏನಂದ್ರೆ ಆ ಕಡ್ಡಿ ಜೊತೆ ವೈರಸ್ಸೋ ನುಸಿಯೋ ಬಂದ್ರೆ ಉಳಿದಿರೋ ನಾಲ್ಕು ಗಂಜಾಂ ತೋಟಕ್ಕೂ ಅಂಟುತ್ತೆ. ದೇಶದೊಳಗೇ ಈಗ ಪಿಂಗೊ, ಮಡೈರಾ ಬೆಳೆಯೋರು ಇದಾರೆ, ಫಸಲು ಬಿಟ್ಟ ತಾಯಿಗಿಡ ತೋರಿಸೋರ ಹತ್ರ ತಗೊಳ್ಳಿ. ಹಣ್ಣಿನ ಫೋಟೋ ಕೇಳಿದ್ರೆ ಇಂಟರ್ನೆಟ್ ಫೋಟೋ ಕಳಿಸೋರ ಹತ್ರ ಬೇಡ, ಸೀಳಿದ ಹಣ್ಣು ಮತ್ತೆ ಕಣ್ಣು ಎರಡೂ ಕಾಣೋ ಹಾಗೆ ಅವರದ್ದೇ ಗಿಡದ ಫೋಟೋ ಕೇಳಿ.

ಕಡ್ಡಿ ಬೇರು ಬಿಡಿಸೋದು ಕಷ್ಟ ಇಲ್ಲ, ಹಿಪ್ಪುನೇರಳೆ ಕಡ್ಡಿ ನೆಟ್ಟಿರೋ ಮಂಡ್ಯದೋರಿಗೆ ಹೇಳ್ಕೊಡೋದೇ ಬೇಡ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಮೂರ್ನಾಲ್ಕು ಗೆಣ್ಣು, ತೊಳೆದ ಕೋಕೋಪೀಟ್‌ನಲ್ಲಿ ಎರಡು ಗೆಣ್ಣು ಒಳಗೆ ಹೋಗೋ ಹಾಗೆ. ಹಿಂಡಿದ್ರೆ ನೀರು ತೊಟ್ಟಿಕ್ಕಬಾರ್ದು, ಅಷ್ಟು ತೇವ ಸಾಕು, ಹೆಚ್ಚಾದ್ರೆ ಕೊಳೆಯುತ್ತೆ. ಎಲೆ ಬಂತು ಅಂತ ಖುಷಿಪಟ್ಟು ಬಿಸಿಲಿಗಿಡ್ಬೇಡಿ, ಎಲೆ ಕಡ್ಡಿಯ ಶಕ್ತಿಯಲ್ಲೇ ಬರುತ್ತೆ, ಬೇರು ಆಮೇಲೆ. ಸಿಕ್ಕಿರೋದು ಒಂದೇ ಗಿಡ, ಕಡ್ಡಿ ಕಳ್ಕೊಳ್ಳೋ ಧೈರ್ಯ ಇಲ್ಲ ಅಂದ್ರೆ ಮಳೆಗಾಲದಲ್ಲಿ ಗೂಟಿ ಕಟ್ಟಿ, ಅಂದ್ರೆ ರೆಂಬೆ ಗಿಡದಲ್ಲಿರುವಾಗ್ಲೇ ಅದಕ್ಕೆ ಬೇರು ಬಿಡಿಸಿ, ಅದು ಕೈಕೊಡೋದು ಅಪರೂಪ.

ಟ್ಯಾಗ್ ಬರೆಯುವಾಗ ನಾನೀಗ ಬರೀ ತಳಿ ಹೆಸರು ಬರೆಯಲ್ಲ. ಯಾರ ಹೆಸರಲ್ಲಿ ಬಂತು, ಯಾವ ಊರಿಂದ, ಯಾವ ವರ್ಷ, ಹಣ್ಣು ನೋಡಿದೀನಾ ಇಲ್ವಾ, ಕಣ್ಣು ಬಿಗಿಯಾ ಸಡಿಲನಾ, ಇಷ್ಟು ಪೆನ್ಸಿಲ್ಲಲ್ಲಿ ಬರೀತೀನಿ, ಪೆನ್ನಿನ ಇಂಕು ಬಿಸಿಲಿಗೆ ಹೋಗುತ್ತೆ, ಪೆನ್ಸಿಲ್ ಉಳಿಯುತ್ತೆ. ಜೇನಿನ ಬಣ್ಣದ ತಿರುಳಿನ ಗಿಡಕ್ಕೆ "ಪಿಂಗೊ ಆಗಿರಬಹುದು, ಕಾಮನ್, ಕಣ್ಣು ಬಿಗಿ" ಅಂತಿದೆ. ಕಂದು ತಿರುಗೋದಕ್ಕೆ "ಪಿಂಗೊ ಅಲ್ಲ, ಕಾಮನ್, ಕಣ್ಣು ಸಡಿಲ". ಮೂರನೇದಕ್ಕೆ "ಸ್ಮಿರ್ನಾ ಇರಬೇಕು", ಬರೋ ನವೆಂಬರ್‌ನಲ್ಲಿ ಅದರ ಬುಡದ ಮೇಲೆ ಗಂಜಾಂ ಕಸಿ ಮಾಡೋದು ಅಂತ ತೀರ್ಮಾನ ಮಾಡಿದೀನಿ, ಕಡ್ಡಿ ಕೊಡ್ತೀನಿ ಅಂತ ತಾತ ಒಪ್ಕೊಂಡಿದಾರೆ. ಆಗ್ಲೇ ಮೊದಲನೇ ಗಿಡನೂ ಸವರ್ತೀನಿ, ಮೈಸೂರಿನ ಸುತ್ತಮುತ್ತ ಇರೋರಿಗೆ ಪಿಂಗೊ ಕಡ್ಡಿ ಬೇಕಿದ್ರೆ ಕೊಡ್ತೀನಿ, ಒದ್ದೆ ಪೇಪರು, ಪ್ಲಾಸ್ಟಿಕ್ ಕವರು ತಗೊಂಡ್ ಬನ್ನಿ. ಮಡೈರಾ ಕಡ್ಡಿ ಮಾತ್ರ ಕೇಳ್ಬೇಡಿ, ಅದರಲ್ಲಿ ಮೊಸಾಯಿಕ್ ಇದೆ.